ನೀರಿನ ಮೇಲೆ ಕರೆದ ಹೆಸರು

ಗಂಡನ ಹೆಸರನ್ನು ನಾನು ಈ ಜನ್ಮದಲ್ಲಿ ಮೂರೇ ಮೂರು ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದ್ದೇನೆ. ಬ್ಯಾಂಕಿನಲ್ಲಿ ಕೇಳಿದರೆ ಚೀಟಿಯಲ್ಲಿ ಬರೆದು ತೋರಿಸುತ್ತೇನೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಕಲಿಸಿದವಳು ಹೀಗೆ ಮಾಡುತ್ತೀಯಲ್ಲ ಎಂದು ಗೆಳತಿಯರು ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತದೆ!

ಮೊದಲು ಹೇಳಿದ್ದು ಮದುವೆಯ ದಿನ. ನಮ್ಮ ಕಡೆ ಮದುಮಗಳು ಒಡಪು ಹೇಳಿದರೇ, ಅಂದರೆ ಪ್ರಾಸದ ಎರಡು ಸಾಲಿನೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೇ, ಹೊಸ್ತಿಲು ದಾಟಲು ಬಿಡುವುದು. ನಾದಿನಿ ಬಾಗಿಲಿಗೆ ಅಡ್ಡ ನಿಂತಿದ್ದಳು. ನಾನು ಒಂದೇ ಉಸಿರಿಗೆ ಹೇಳಿದೆ: "ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ಕರಿ, ಇಂಥವರು ನಕ್ಕರ ನನಗ ಅಕ್ಕರಿ." 'ಇಂಥವರು' ಎಂಬಲ್ಲಿ ಹೆಸರಿತ್ತು. ಅಂದಿನಿಂದ ಅವರಿಗೊಂದು ಚಾಳಿ ಅಂಟಿತು. ನಾನು ಸಿಟ್ಟಿಗೆದ್ದಾಗಲೆಲ್ಲ ಮುಖವನ್ನು ನನ್ನ ಮುಖದ ಹತ್ತಿರ ತಂದು "ನಗಲ್ಯಾ?" ಎನ್ನುವುದು. ನನಗೆ ಸಿಟ್ಟು ದಿನಕ್ಕೆ ನಾಲ್ಕು ಸಲವಾದರೂ ಬರುತ್ತದೆ.

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ದೋಣಿಯ ಹುಚ್ಚು ಹಿಡಿಯಿತು. ಗೋವಾದಲ್ಲಿ ಗೆಳೆಯರೊಬ್ಬರ ಹಾಯಿದೋಣಿಯಲ್ಲಿ ಒಂದು ಚಳಿಗಾಲ ಪೂರ್ತಿ ಸಂಸಾರ ಮಾಡಿದೆವು. ಕುಕ್ಕರನ್ನು ಹಗ್ಗದಿಂದ ಬಿಗಿದು ಅನ್ನ ಮಾಡಬೇಕು. ಹಾಸಿಗೆ ಯಾವಾಗಲೂ ಹಸಿ. ಮೊಣಕೈ ಬಡಿಯದೆ ಸೀರೆ ಉಡುವಷ್ಟು ಜಾಗವಿಲ್ಲ. ಸಾಕಪ್ಪಾ ಸಾಕು ಎನಿಸಿತ್ತು. ಆದರೆ ಖರೇ ಹೇಳಬೇಕು: ಹಾಯಿಗೆ ಗಾಳಿ ತುಂಬಿ, ದೋಣಿ ಒಂದು ಬದಿಗೆ ವಾಲಿ, ಇಂಜಿನ್ನಿನ ಸದ್ದಿಲ್ಲದೆ ಮುನ್ನುಗ್ಗಿದಾಗ ನಾನು ಚಿಕ್ಕ ಹುಡುಗಿಯ ಹಾಗೆ ಕೇಕೆ ಹಾಕಿದ್ದೆ. ಅಲ್ಲಿನ ಒಂದು ಪಂದ್ಯದಲ್ಲಿ ಎಲ್ಲರಿಗಿಂತ ಕೊನೆಗೆ ಬಂದೆವು. ಇವರು ಕಪ್ ಗೆದ್ದವರ ಠೀವಿಯಲ್ಲಿ ದಡಕ್ಕೆ ಕೈ ಬೀಸಿದರು.

ಮುಂದಿನ ವರ್ಷ ಗೆದ್ದೇ ತೀರುತ್ತೇನೆಂದು ಬೆಳಗಾವಿಯ ನಮ್ಮ ಹಿತ್ತಲಿನಲ್ಲೇ ಪ್ಲೈವುಡ್ಡಿನ ದೋಣಿ ಕಟ್ಟಿದರು. ಖಾನಾಪುರದ ಆಚೆ ಮಲಪ್ರಭೆಗೆ ಅಡ್ಡಲಾಗಿ ಒಂದು ಒಡ್ಡು ಇದೆ. ಅದರ ಹಿಂದೆ ನೀರು ಅಗಲವಾಗಿ ನಿಲ್ಲುತ್ತದೆ, ಎರಡೂ ಕಡೆ ಕಾಡು. ದೋಣಿಯನ್ನು ಟೆಂಪೋದಲ್ಲಿ ಅಲ್ಲಿಗೆ ಒಯ್ದೆವು. ಶನಿವಾರ ಹೋಗಿ, ತಾಡಪಾಲ ಮುಚ್ಚಿಕೊಂಡು ದೋಣಿಯಲ್ಲೇ ಮಲಗಿ, ಭಾನುವಾರ ಅಭ್ಯಾಸ ಮಾಡಿ ಬರುವುದು ರೂಢಿಯಾಯಿತು.

ಮೊದಲ ದಿನವೇ ಎಮ್ಮೆ ಕಾಯುವ ಮುದುಕರೊಬ್ಬರು ದಡದಲ್ಲಿ ನಮ್ಮನ್ನು ತಡೆದರು. ಜಾಂಬೋಟಿ ಕಡೆಯವರು, ಮರಾಠಿಯಲ್ಲಿ ಮಾತು. "ವೈನಿ, ಪಾಣ್ಯಾವರ್ ನಾವ್ ಘೇವು ನಕಾ" ಎಂದರು. ಅತ್ತಿಗೆ, ನೀರಿನ ಮೇಲೆ ನಾವ್ ತೆಗೆದುಕೊಳ್ಳಬೇಡಿ ಎಂದರ್ಥ. ಮರಾಠಿಯಲ್ಲಿ ನಾವ್ ಎಂದರೆ ದೋಣಿ. ನನಗೆ ತಲೆ ಕೆಟ್ಟಿತು.

"ಯಾಕ್ರೀ? ಹೊಳಿ ನಿಮ್ಮಪ್ಪಂದೇನು? ನಾವು ದೋಣಿ ತಗೊಂಡ ಹೋಗವ್ರ!" ಎಂದು ಕನ್ನಡದಲ್ಲೇ ಗದರಿದೆ. ಮುದುಕರು ನನ್ನನ್ನೊಮ್ಮೆ, ನೀರನ್ನೊಮ್ಮೆ ನೋಡಿ, ಇನ್ನೇನೋ ಹೇಳಲು ಬಾಯಿ ತೆರೆದು, ಸುಮ್ಮನೆ ಎಮ್ಮೆ ಹೊಡೆದುಕೊಂಡು ಹೋದರು.

ಅದು ಡಿಸೆಂಬರಿನ ಒಂದು ಭಾನುವಾರ. ಬಿಸಿಲು ಬಿದ್ದಿತ್ತೆಂದೇ ಹೊರಟೆವು. ನಟ್ಟನಡುವೆ ಬರುವಷ್ಟರಲ್ಲಿ ಹೊಳೆಯ ಮೇಲಿನ ಕಡೆಯಿಂದ ಮಂಜು ನೀರಿಗೆ ಅಂಟಿಕೊಂಡು ಬಂತು. ಮೊದಲು ದಡ ಹೋಯಿತು, ಆಮೇಲೆ ಹಾಯಿಯ ತುದಿ ಹೋಯಿತು. ಇಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ನೀರುಕೋಳಿಗಳು ಒಮ್ಮೆಲೇ ಬಾಯಿ ಮುಚ್ಚಿದವು. ಇವರು ಹಾಯಿ ಇಳಿಸಲು ಎದ್ದು ನಿಂತರು. ಎಲ್ಲಿತ್ತೋ ಏನೋ, ಒಂದೇ ಒಂದು ಗಾಳಿ ಬೀಸಿ ಹಾಯಿಯ ಕೆಳಗಿನ ಅಡ್ಡದಂಡ ಗರಕ್ಕನೆ ತಿರುಗಿ ಅವರ ಹಣೆಗೆ ಬಡಿಯಿತು. ಧುಡುಂ ಎಂದು ಸದ್ದಾಯಿತು. ನೋಡಿದರೆ ಅವರಿಲ್ಲ.

ಲೈಫ್ ಜಾಕೆಟ್ಟು ನನ್ನ ಕಾಲ ಬಳಿಯೇ ಬಿದ್ದಿತ್ತು. ಹಿಂದಿನ ರಾತ್ರಿ ಅದನ್ನು ತಲೆದಿಂಬು ಮಾಡಿಕೊಂಡಿದ್ದರು.

"ರೀ! ರೀ!" ಎಂದು ಕಿರುಚಿದೆ. ದೋಣಿ ತನ್ನ ಪಾಡಿಗೆ ತಾನು ಸರಿಯುತ್ತಿತ್ತು, ಅವರು ಯಾವ ಕಡೆ ಉಳಿದರೆಂದೇ ತಿಳಿಯಲಿಲ್ಲ. ಎಷ್ಟು ರೀ ಎಂದರೂ ಆ ಮಂಜು ನುಂಗಿಬಿಡುತ್ತಿತ್ತು. ಆಗ ಹೆಸರು ಹಿಡಿದು ಕರೆದೆ. ಹೊಟ್ಟೆಯೊಳಗಿಂದ ಬಂತು ಆ ಕೂಗು.

"ಓ" ಎಂದರು ಎಡಗಡೆಯಿಂದ.

"ಓ" ಎಂದರು ಬಲಗಡೆಯಿಂದ.

ಎರಡೂ ಅವರದೇ ದನಿ. ಪ್ರತಿಧ್ವನಿ ಎಂದುಕೊಂಡೆ. ಆದರೆ ಪ್ರತಿಧ್ವನಿ ತಡವಾಗಿ ಬರಬೇಕು, ಸಣ್ಣದಾಗಿ ಬರಬೇಕು, ಅದನ್ನು ಎಷ್ಟು ಮಕ್ಕಳಿಗೆ ಕಲಿಸಿಲ್ಲ ನಾನು! ಇವೆರಡೂ ಕೂಡಿಯೇ ಬಂದವು, ಒಂದೇ ದೂರದಿಂದ ಬಂದವು. ಮತ್ತೆ ಹೆಸರು ಕೂಗಿದೆ. ಮತ್ತೆ ಎರಡು ಓ. ಬಲಗಡೆಯದು ಸ್ವಚ್ಛವಾಗಿತ್ತು, ಗಟ್ಟಿಯಾಗಿತ್ತು. ಎಡಗಡೆಯದು ಕ್ಷೀಣವಾಗುತ್ತಿತ್ತು. ಹುಟ್ಟನ್ನು ಒಮ್ಮೆ ಎಡಕ್ಕೆ ಇಳಿಸಿದೆ, ಒಮ್ಮೆ ಬಲಕ್ಕೆ. ತಪ್ಪು ಕಡೆ ಹೋದರೆ ತಿರುಗಿ ಬರುವಷ್ಟರಲ್ಲಿ ಅವರು ಮುಳುಗಿರುತ್ತಾರೆ.

ಬುದ್ಧಿ ಓಡಿತೋ, ದೇವರೇ ನುಡಿಸಿದನೋ ಗೊತ್ತಿಲ್ಲ. "ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ಕರಿ!" ಎಂದು ಅಳುತ್ತಾ ಕೂಗಿದೆ.

ಬಲಗಡೆಯಿಂದ ಬಂತು, "ಓ."

ಎಡಗಡೆ ಕೆಮ್ಮು. ನೀರು ಉಗುಳಿದ ಸದ್ದು. ಆಮೇಲೆ, "ನಗಲ್ಯಾ?"

ಎಡಕ್ಕೆ ಹುಟ್ಟು ಹಾಕಿದೆ. ಹತ್ತು ಎಳೆತವೂ ಆಗಿರಲಿಲ್ಲ, ಅವರ ಕೈ ದೋಣಿಯ ಅಂಚಿಗೆ ಸಿಕ್ಕಿತು. ಅಂಗಿಯ ಕಾಲರು ಹಿಡಿದು ಮೇಲೆಳೆದುಕೊಂಡೆ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಮಾತನಾಡಲು ಉಸಿರಿಲ್ಲದೆ ನನ್ನ ಮಡಿಲಲ್ಲಿ ಬಿದ್ದಿದ್ದರು. ನನ್ನ ಅಂಗೈ ಅವರ ಬಾಯಿಯ ಮೇಲೆಯೇ ಇತ್ತು.

ಅಷ್ಟರಲ್ಲಿ ಬಲಗಡೆಯಿಂದ ಮತ್ತೆ "ಓ" ಎಂದಿತು. ಈ ಸಲ ನಾನು ಕರೆದೇ ಇರಲಿಲ್ಲ.

ಬಿಸಿಲೇರಿ ಮಂಜು ಹರಿದಾಗ ದಡದಲ್ಲಿ ಅದೇ ಮುದುಕರು ನಿಂತಿದ್ದರು. ಇವರಿಗೆ ತಮ್ಮ ಕಂಬಳಿ ಹೊದಿಸಿದರು. ನನ್ನ ಕಡೆ ತಿರುಗಿ, ನನಗೆ ತಿಳಿಯಲೆಂದು ಅರೆಬರೆ ಕನ್ನಡದಲ್ಲಿ ಹೇಳಿದರು: "ನಾವ್ ಅಂದ್ರ ದೋಣಿ ಅಲ್ಲರಿ ವೈನಿ. ಹೆಸರು. ಇಲ್ಲಿ ನೀರಿನ ಮ್ಯಾಲ ಯಾರೂ ಹೆಸರು ತಗೊಳ್ಳೂದಿಲ್ಲ. ಕರೆದ ಹೆಸರು ಅದು ಕಲ್ತುಕೋತದ."

ನಾಚಿಕೆಯಾಯಿತು. ಮರಾಠಿಯಲ್ಲಿ ದೋಣಿಗೂ ನಾವ್, ಹೆಸರಿಗೂ ನಾವ್, ಇದು ಬೆಳಗಾವಿಯಲ್ಲಿ ಯಾರಿಗೆ ಗೊತ್ತಿಲ್ಲ? ದೋಣಿಯ ಮುಂದೆ ನಿಂತಿದ್ದೆ, ಅದಕ್ಕೇ ದೋಣಿಯೇ ಕೇಳಿಸಿತು. ನನ್ನ ಸಿಟ್ಟಿನ ಮೂಗು ಅಷ್ಟು ಅಡ್ಡ ಬರದಿದ್ದರೆ ಅಂದೇ ಇನ್ನೊಂದು ಮಾತು ಕೇಳುತ್ತಿದ್ದೆ.

ನನ್ನವರಿಗೆ ಬಲಗಡೆಯ ದನಿ ಕೇಳಿಸಿಯೇ ಇರಲಿಲ್ಲ. ಹೇಳಿದರೆ ನಕ್ಕುಬಿಟ್ಟರು. ಅವರ ನೆನಪಿನಲ್ಲಿ ಉಳಿದದ್ದು ಒಂದೇ. "ಮುಳುಗಾಕತ್ತಿದ್ದೆ, ಕಿವ್ಯಾಗ ನೀರು. ಅಂಥಾದ್ರಾಗ ನೀ ನನ್ನ ಹೆಸರು ಹಿಡಿದು ಕರದಿ ನೋಡು, ಎಷ್ಟ ಛಂದ ಕೇಳಿಸ್ತು ಅಂತಿ! ಇನ್ನೊಂದ ಸಲ ಕರೀಲೇ." ದಿನಾ ಇದೇ ಗೋಗರೆತ. ನಾನು ಬೈದು ಕಳಿಸುತ್ತಿದ್ದೆ. ದೋಣಿಯನ್ನು ಟೆಂಪೋದಲ್ಲಿ ಮನೆಗೆ ತರಿಸಿ ಹಿತ್ತಲಿನಲ್ಲಿ ಇಡಿಸಿದೆ. ಪಂದ್ಯದ ಮಾತು ನಿಂತಿತು. ಮಳೆಗಾಲ ಬಂತು.

ಜುಲೈನಲ್ಲಿ ಅವರ ಹುಟ್ಟುಹಬ್ಬ. ಏನು ಬೇಕು ಎಂದು ಕೇಳಿದರೆ, "ಗೊತ್ತದಲ್ಲ" ಎಂದು ಮಗುವಿನಂತೆ ಮುಖ ಮಾಡಿದರು. ಇಷ್ಟು ವರ್ಷ ಬಾಳಿದವರು, ಕೇಳಿದ್ದು ತಮ್ಮದೇ ಹೆಸರು! ನೀರು ಇರುವುದು ಖಾನಾಪುರದಲ್ಲಿ, ನಾನಿರುವುದು ನನ್ನ ಅಡುಗೆಮನೆಯಲ್ಲಿ, ಏನಾದೀತು ಎಂದುಕೊಂಡೆ. ಒಲೆಯ ಮುಂದೆ ನಿಂತು, ಮೆತ್ತಗೆ, ಹೆಸರು ಹೇಳಿದೆ.

ಬಾಗಿಲಲ್ಲಿದ್ದ ಅವರು ಮುಖವರಳಿಸಿ "ಓ" ಎಂದರು.

ಹಿತ್ತಲಿನಿಂದಲೂ "ಓ" ಎಂದಿತು.

ಹೋಗಿ ನೋಡಿದೆವು. ಯಾರೂ ಇರಲಿಲ್ಲ. ತಾಡಪಾಲ ಗಾಳಿಗೆ ಸರಿದು ದೋಣಿಯ ತುಂಬ ಮಳೆನೀರು ನಿಂತಿತ್ತು. ಆ ಹೊತ್ತಿಗೆ ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ, ಆದರೂ ನೀರು ಆಗತಾನೆ ಯಾರೋ ಎದ್ದುಹೋದ ಹಾಗೆ ತುಳುಕಾಡುತ್ತಿತ್ತು.

ನನಗೆ ಅಳು ಬಂತು. "ನಗಲ್ಯಾ" ಎನ್ನುತ್ತಾರೆಂದು ಅವರ ಮುಖ ನೋಡಿದೆ. ಅವರು ನಗಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದು, ಪಿಸುಮಾತಿನಲ್ಲಿ ಹೇಳಿದರು: "ಇನ್ನ ಮ್ಯಾಲ ಕರೀಬ್ಯಾಡ."

ಇಬ್ಬರೂ ಸೇರಿ ದೋಣಿ ಬೋರಲು ಹಾಕಿದೆವು. ಈಗ ನಾನು "ರೀ" ಎಂದಷ್ಟೇ ಕರೆಯುತ್ತೇನೆ. ಮೊದಲೆಲ್ಲ ಐದು ಸಲ ಕರೆಸಿಕೊಂಡು ಬರುತ್ತಿದ್ದವರು ಒಂದೇ ಕರೆಗೆ, ಓ ಎನ್ನದೆ, ಎದುರಿಗೇ ಬಂದು ನಿಲ್ಲುತ್ತಾರೆ.