ಅತೀಕನ ಕೈಗುಣ

ಅರ್ಜುಮಂದ ಸುಳ್ಳು ಹೇಳಾಕಿ ಅಲ್ಲ. ಸುರಪುರದಾಗ ಆಕಿ ಕಡೆ ಬಟ್ಟಿ ಹೊಲಿಸಿಕೊಂಡವರನ್ನ ಯಾರನ್ನ ಬೇಕಾದ್ರೂ ಕೇಳ್ರಿ, ಉಳಿದ ತುಂಡು ಸೈತ ತಿರುಗಿ ಕೊಡ್ತಾಳ. ಆದ್ರ ತಮ್ಮ ಅತೀಕಗ ಹೇಳಬೇಕಾದ ಒಂದು ಮಾತು ಮಾತ್ರ ನಲವತ್ತು ವರ್ಷ ಗಂಟಲದಾಗ ಇಟ್ಟುಕೊಂಡು ಕುಂತಿದ್ಲು.

ಅವರಪ್ಪ ಲಾಡ್ಲೇಸಾಬಂದು ಹಿತ್ತಲದಾಗ ಗುಲಾಬಿ ತ್ವಾಟ ಇತ್ತು. ತ್ವಾಟ ಅಂದ್ರ ಏನ್ ಮಹಾ, ಮೂವತ್ತು ಗಿಡ. ಅದರ ಮ್ಯಾಲೇ ಮನಿ ನಡೀಬೇಕು. ಅಮ್ಮಾ ಹೂ ಕಟ್ಟಾಕಿ, ಅಬ್ಬಾ ಮಾರಾಂವ, ಲದ್ದಿ ತರೂದು ಅರ್ಜುಮಂದಳ ಪಾಲು. ಮುಂಜಾನೆದ್ದು ಟಾಂಗಾ ನಿಲ್ಲೋ ಜಾಗಾಕ್ಕ ಹೋಗಿ, ಕುದುರಿ ಲದ್ದಿ ಬುಟ್ಟಿಗೆ ಬಳದು, ತಂದು ಓಣಿ ಬಾಯಾಗಿನ ಗುಂಡ್ಯಾಗ ಸುರೀತಿದ್ಲು. ವರ್ಷ ಕೊಳತ ಮ್ಯಾಲೇ ಅದು ಗಿಡಕ್ಕ. "ಹಸೀ ಲದ್ದ್ಯಾಗ ಬೆಂಕಿ ಇರ್ತದ, ಬೇರು ಸುಡ್ತದ" ಅಂತ ಅಬ್ಬಾ ಹೇಳಿದ್ದೇ ಹೇಳಿದ್ದು. ಖರೇನೇ, ಗುಂಡ್ಯಾಗ ಕೈ ಇಟ್ರ ಬಿಸಿ ಹತ್ತತಿತ್ತು. ಚಳಿಗಾಲದಾಗ ಅಕ್ಕ-ತಮ್ಮ ಅಲ್ಲೇ ಕೈ ಕಾಸಿಕೋತಿದ್ರು. ಎಂಥಾ ಸುಖ ಅಂತೀರಿ!

ಅತೀಕಗ ಗಿಡದ ಹುಚ್ಚು. ಎಂಟು ವರ್ಷದ ಹುಡುಗ, ಆ ವರ್ಷ ಒಂದು ಸಾಲು ತಾನೇ ಟೊಂಗಿ ಊರಿದ್ದ. ಹನ್ನೆರಡಕ್ಕ ಹನ್ನೆರಡೂ ಚಿಗತಿದ್ವು. ಅಬ್ಬಾ ಊರೆಲ್ಲಾ ಹೇಳಿಕೋತ ತಿರುಗಿದ್ದೇ ತಿರುಗಿದ್ದು, ನನ್ನ ಮಗನ ಕೈಗುಣ ನೋಡ್ರಿ ಅಂತ.

ಅಷ್ಟರಾಗ ಅಬ್ಬಾ ಜ್ವರ ಬಂದು ಮಲಗಿದ್ರು. ಅದೇ ವಾರ ಓಣಿ ಬಾಯಾಗ ಬುಟ್ಟಿ ಹೊತ್ತು ಬರಾಕತ್ತಿದ್ದ ಅರ್ಜುಮಂದಳನ್ನ ನೋಡಿ ಸಾಲಿ ಗೆಳತಿ ಸುಮಂಗಲಾ, "ಮೂಗು ಮುಚ್ಚಿಕೊಳ್ರೇ, ಲದ್ದಿ ಬಂತು" ಅಂದ್ಲು. ಎಲ್ಲಾ ಹುಡುಗ್ಯಾರು ಕಿಸಕ್ ಅಂದ್ರು. ಹನ್ನೆರಡರ ಪೋರಿ, ನಾಚಿಕಿಗೆ ಸತ್ತೇ ಹ್ವಾದ್ಲು. ಮರುದಿನದಿಂದ ಗುಂಡಿ ಕಡೆ ಹಾಯಲಿಲ್ಲ. ಹಿಂದಿನ ಸಂದ್ಯಾಗಿಂದ ಬಂದು, ಹಸೀ ಲದ್ದಿ ಅತೀಕನ ಸಾಲಿನ ಬುಡಕ್ಕೇ ಸುರದು ಮಣ್ಣು ಎಳದ್ಲು. ಏನಾಗ್ತದ ಬಿಡು ಅಂತ.

ಹದಿನೈದು ದಿನದಾಗ ಹನ್ನೆರಡೂ ಗಿಡ ಸುಟ್ಟು ಕರಕಲಾದ್ವು. ಅವನ್ನ ಕಿತ್ತು ದೂರ ಒಗದು ಬಂದಾಕಿನೂ ಅರ್ಜುಮಂದನೇ. ಅಬ್ಬಾ ಎದ್ದು ಬಂದು ಖಾಲಿ ಸಾಲು ನೋಡಿದ್ರು. ಹೊಡೀಲಿಲ್ಲ, ಬೈಲಿಲ್ಲ. "ಎಲ್ಲಾರಿಗೂ ಕೈಗುಣ ಇರಂಗಿಲ್ಲಪಾ. ನೀ ಇನ್ನ ಗಿಡ ಮುಟ್ಟಬ್ಯಾಡ" ಅಂದ್ರು. ಹುಡುಗ ತನ್ನ ಎರಡೂ ಅಂಗೈ ನೋಡಿಕೋತ ನಿಂತ. ಅಕ್ಕ ಬಾಯಿ ಬಿಡಲಿಲ್ಲ. ಆವತ್ತು ಬಿಡಲಿಲ್ಲ, ಮುಂದ ಬಿಡಾಕ ಧೈರ್ಯ ಬರಲಿಲ್ಲ.

ಅತೀಕ ಶಹಾಪುರದಾಗ ಮೋಟಾರು ಮೆಕ್ಯಾನಿಕ್ ಆದ. ಮದಿವಿ ಆತು, ಮಕ್ಕಳಾದ್ವು. ಹೋದ ತಿಂಗಳ ಅಬ್ಬಾ ತೀರಿಕೊಂಡ್ರು. ಮೂರನೇ ದಿನಾ ಗೋರಿ ಮ್ಯಾಲೆ ಸಬ್ಜಾ, ಅಂದ್ರ ಕಾಮಕಸ್ತೂರಿ ಗಿಡ ಹಚ್ಚಬೇಕು, ಅದು ಮಗ ಮಾಡೋ ಕೆಲಸ. ಅಂಗಳದಾಗ ಅತೀಕ ಆ ಸಸಿ ಒಯ್ದು ಬಾಜೂಮನಿ ತೌಫೀಕನ ಕೈಯಾಗ ಕೊಟ್ಟ.

"ನೀನೇ ಹಚ್ಚು ಮಾರಾಯಾ. ನಾ ಹಚ್ಚಿದ್ರ ಒಣಗತದ. ಅಬ್ಬಾನ ಮ್ಯಾಲರ ಬ್ಯಾಡ."

ಅರ್ಜುಮಂದ ಮಂದಿ ಅದಾರ ಅಂತನೂ ನೋಡಲಿಲ್ಲ. "ನಿನ್ನ ಕೈಗುಣಕ್ಕ ಏನೂ ಆಗಿಲ್ಲೋ ಅತೀಕ! ನಾನೇ ಹಸೀ ಲದ್ದಿ ಹಾಕಿ ಸುಟ್ಟೆ" ಅಂತ ಎಲ್ಲಾ ಹೇಳಿ ಅತ್ತುಬಿಟ್ಲು.

ಅತೀಕ, "ನನ್ನ ಮಗಳು ಹಚ್ಚಿದ ಗಿಡಕ್ಕ ನಾ ನೀರು ಸೈತ ಹಾಕಿಲ್ಲ, ಆಪಾ" ಅಂದ. "ಅಬ್ಬಾಗ ಹೇಳಿದ್ದಿ ಏನು?"

"ಇಲ್ಲ."

ಅತೀಕ ತೌಫೀಕನ ಕೈಯಾಗಿಂದ ಸಸಿ ತಿರುಗಿ ಇಸಗೊಂಡ. ಹೊಸ್ತಿಲಾ ದಾಟುವಾಗ ನಿಂತ, ಆದ್ರ ಆಕಿ ಕಡೆ ನೋಡಲಿಲ್ಲ.

"ಮೊನ್ನಿ ಈದಿಗೆ ಬಂದಾಗೂ ಅಬ್ಬಾ ನನ್ನ ನೋಡಿದ ಕೂಡಲೇ ಗುಲಾಬಿ ಹಿತ್ತಲದ ಬಾಗಲಾ ಹಾಕಿದ್ರು" ಅಂದ. "ಅವರಿಗರ ಹೇಳಬೇಕಿತ್ತು, ಆಪಾ."