ನಡೆದದ್ದನ್ನು ನಡೆದಂತೆ ಬರೆಸಿದವರು

ಪೊಲೀಸ್ ಇಲಾಖೆಯಲ್ಲಿ ದೊಡ್ಡ ಕಳ್ಳರನ್ನು ಹಿಡಿದು ಹೆಸರಾದವರಿದ್ದಾರೆ, ಗಲಭೆಗಳನ್ನು ಅಡಗಿಸಿ ಪದಕ ಪಡೆದವರಿದ್ದಾರೆ. ಈ ಸಂಪುಟ ಯಾರ ಗೌರವಾರ್ಥವಾಗಿ ಸಿದ್ಧವಾಗಿದೆಯೋ, ನಿವೃತ್ತರಾಗುತ್ತಿರುವ ಆ ಅಕ್ಕನವರ ಹೆಸರು ಬೇರೊಂದು ಕಾರಣಕ್ಕೆ ಉಳಿಯತಕ್ಕದ್ದು. ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದು ತನಗಾದ ಅನ್ಯಾಯವನ್ನು ಹೇಳಿದಾಗ ಅದನ್ನು ಹೇಗೆ ಕೇಳಬೇಕು, ಹೇಗೆ ಬರೆದುಕೊಳ್ಳಬೇಕು ಎಂಬುದನ್ನು ಇಡೀ ಇಲಾಖೆಗೆ ಕಲಿಸಿದವರು ಅವರು. ಇಂದು ನಮ್ಮ ಠಾಣೆಗಳಲ್ಲಿ ಬಂದವರನ್ನು ಕೂರಿಸಿ, ಬಾಗಿಲು ಮುಚ್ಚಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಬರೆದದ್ದನ್ನು ಅವರಿಗೆ ಓದಿ ಹೇಳಿ, ಆಮೇಲೆ ರುಜು ಹಾಕಿಸಿಕೊಳ್ಳುತ್ತಾರೆ. ಹೊಸದಾಗಿ ಸೇರಿದ ಮಕ್ಕಳು ಇದು ಮೊದಲಿನಿಂದಲೂ ಹೀಗೇ ಇತ್ತೆಂದು ತಿಳಿದಿದ್ದಾರೆ. ಹಾಗೆ ಇರಲಿಲ್ಲ.

ಮೊದಲು ಹೇಗಿತ್ತೆಂಬುದನ್ನು ಚೆನ್ನಾಗಿ ಬಲ್ಲವನು ಆಗ ಅಕ್ಕನವರ ಠಾಣೆಯಲ್ಲಿ ರೈಟರ್ ಆಗಿದ್ದವನು, ಅಂದರೆ ಬಂದವರ ದೂರುಗಳನ್ನೆಲ್ಲ ಬರೆದುಕೊಳ್ಳುವ ಕೆಲಸದವನು. ಈ ಲೇಖನವನ್ನು ಬರೆಯುತ್ತಿರುವವನೂ ಅವನೇ. ತನ್ನನ್ನು ತಾನು ಸ್ವಲ್ಪ ದೂರ ನಿಲ್ಲಿಸಿ ನೋಡಿದರೆ ಸತ್ಯ ಹೇಳುವುದು ಸುಲಭವೆಂದು ಅವನು ಇಲ್ಲಿ ಉದ್ದಕ್ಕೂ ರೈಟರ್ ಆಗಿಯೇ ಉಳಿದಿದ್ದಾನೆ. ಸಂಪಾದಕರು ಲೇಖನ ಕೇಳಿ ಐದು ತಿಂಗಳಾಯಿತು. ನಡುವೆ ಅವನ ಮನೆಯಾಕೆ ತೀರಿಕೊಂಡಳು. ಐವತ್ತೆರಡು ವರ್ಷ ಜೊತೆಗಿದ್ದವಳು. ದೇವರು ಕೊಟ್ಟದ್ದನ್ನು ದೇವರೇ ಕರೆದುಕೊಂಡ ಎಂದು ಬಾಯಲ್ಲಿ ಹೇಳುವುದು ಬೇಗ ಬಂತು, ಕೈಗೆ ಪೆನ್ನು ಹತ್ತುವುದು ತಡವಾಯಿತು. ಕ್ಷಮೆ ಇರಲಿ.

ಅಕ್ಕನವರು ಪೇದೆಯಾಗಿ ಆ ಠಾಣೆಗೆ ಬಂದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಠಾಣೆಗೆ ಬಂದ ಮೊದಲ ಹೆಣ್ಣು ಪೇದೆ ಅವರೇ. ಸಮವಸ್ತ್ರ ಬದಲಿಸಲು ಜಾಗವಿಲ್ಲದೆ, ವಶಪಡಿಸಿಕೊಂಡ ಸೈಕಲ್ಲುಗಳ ನಡುವೆ ನಿಂತು ಬದಲಿಸಬೇಕಾಗಿತ್ತು. ಶೌಚಾಲಯ ಒಂದೇ, ಅದಕ್ಕೆ ಚಿಲಕವಿರಲಿಲ್ಲ. ಅವರು ಪ್ರತಿ ಸೋಮವಾರ ಇನ್ಸ್‌ಪೆಕ್ಟರಿಗೆ ಒಂದು ಅರ್ಜಿ ಬರೆದುಕೊಟ್ಟರು. ಹತ್ತೊಂಬತ್ತು ವಾರ ಕೊಟ್ಟರು. ಇಪ್ಪತ್ತನೆಯ ಸೋಮವಾರ ಇನ್ಸ್‌ಪೆಕ್ಟರು ಅರ್ಜಿಯನ್ನು ಕಂಡೊಡನೆ ಕೈಮುಗಿದು ಬಡಗಿಯನ್ನು ಕರೆಸಿದರು. ಅಷ್ಟು ಅರ್ಜಿ ಬರೆದರೂ ಅಕ್ಕನವರ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ ಮಾತ್ರ ಸುಧಾರಿಸಲಿಲ್ಲವೆಂದು ರೈಟರ್ ಎಲ್ಲರೆದುರು ನಗೆಯಾಡುತ್ತಿದ್ದ.

ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ದಿನವೂ ಒಂದೇ ಕೆಲಸ ನಮೂದಾಗುತ್ತಿತ್ತು: ‘ಜೊತೆಯಲ್ಲಿರುವುದು’. ಹೆಂಗಸರನ್ನು ಹಿಡಿದು ತಂದರೆ ಅವರ ಜೊತೆ, ದೂರು ಕೊಡಲು ಬಂದರೆ ಅವರ ಜೊತೆ. ಕೇಳುವುದು, ಬರೆಯುವುದು, ತನಿಖೆಗೆ ಹೋಗುವುದು ಗಂಡಸರ ಪಾಲು. ಇದರ ಮೇಲೆ ಚಹಾ ತರುವ ಕೆಲಸವೂ ತಾನಾಗಿಯೇ ಅವರ ಹೆಗಲಿಗೆ ಬಿತ್ತು. ಮೊದಲ ದಿನ ಅವರು ಏನೂ ಅನ್ನದೆ ತಂದುಕೊಟ್ಟರು. ಎಲ್ಲರೂ ಕುಡಿದು ಲೋಟ ಇಟ್ಟಮೇಲೆ ಒಂದು ಚೀಟಿ ತೆಗೆದು, “ಇವತ್ತು ನಂದಾಯ್ತು. ನಾಳೆ ಯಾರ ಸರದಿ ಸಾರ್? ಬರ್ಕೊಳ್ತೀನಿ” ಎಂದರು. ಮರುದಿನ ಚಹಾ ತಂದವರು ಸ್ವತಃ ದಫೇದಾರರು.

ಇನ್ನು ರೈಟರ್. ಅವನ ಅಕ್ಷರ ಅಚ್ಚಿನಂತಿತ್ತು. ಅವನು ಬರೆದ ದೂರನ್ನು ಬೇರೆ ಠಾಣೆಯವರು ಮಾದರಿಯೆಂದು ಒಯ್ಯುತ್ತಿದ್ದರು. ಕಳ್ಳತನಕ್ಕೊಂದು, ಹೊಡೆದಾಟಕ್ಕೊಂದು, ಹೆಂಗಸರ ಮೈಮೇಲೆ ಕೈಹಾಕಿದ್ದಕ್ಕೊಂದು, ಹೀಗೆ ಅವನ ತಲೆಯಲ್ಲಿ ಅಚ್ಚುಗಳು ಸಿದ್ಧವಾಗಿದ್ದವು. ಮೂರನೆಯ ಅಚ್ಚಿನಲ್ಲಿ ಒಂದು ಸಾಲು ತಪ್ಪದೆ ಬರುತ್ತಿತ್ತು: ‘ಆಗ ನಾನು ಭಯಗೊಂಡು ಗಟ್ಟಿಯಾಗಿ ಕೂಗಿಕೊಂಡೆನು, ನನ್ನ ಕೂಗನ್ನು ಕೇಳಿ ಅಕ್ಕಪಕ್ಕದವರು ಓಡಿ ಬಂದರು.’ ಅದನ್ನು ಅವನಿಗೆ ಕಲಿಸಿದ್ದು ಅವನ ಹಿಂದಿನ ರೈಟರ್. ಮಾನವಂತ ಹೆಂಗಸಾದರೆ ಕೂಗಿಯೇ ಕೂಗುತ್ತಾಳೆ, ಕೂಗಲಿಲ್ಲವೆಂದು ಬರೆದರೆ ಕೋರ್ಟಿನಲ್ಲಿ ಅವಳನ್ನೇ ಅನುಮಾನಿಸುತ್ತಾರೆ ಎಂಬುದು ಇಬ್ಬರ ನಂಬಿಕೆ. ಬಂದವಳಿಗೆ ಒಳ್ಳೆಯದಾಗಲೆಂದೇ ಅವನು ಅದನ್ನು ಸೇರಿಸುತ್ತಿದ್ದ. ದೇವರಿಗೆ ಕೈಮುಗಿದು ಮನೆಯಿಂದ ಹೊರಡುವ ಮನುಷ್ಯ; ಅದನ್ನು ಸುಳ್ಳೆಂದು ಒಂದು ದಿನವೂ ಎಣಿಸಿರಲಿಲ್ಲ.

ಅಕ್ಕನವರ ನಾಲ್ಕನೆಯ ವರ್ಷದಲ್ಲಿ ಆಸ್ಪತ್ರೆಯ ಆಯಾ ಒಬ್ಬಳು ದೂರು ಕೊಡಲು ಬಂದಳು. ಬೆಡ್‌ಶೀಟುಗಳನ್ನಿಡುವ ಕೋಣೆಯಲ್ಲಿ ಅವಳು ಲಾಂಡ್ರಿಗೆ ಕಳಿಸಬೇಕಾದ ಶೀಟುಗಳನ್ನು ಎಣಿಸುತ್ತಿದ್ದಾಗ ಉಗ್ರಾಣದ ಮೇಲ್ವಿಚಾರಕ ಒಳಗೆ ಬಂದು ಚಿಲಕ ಹಾಕಿ ಅವಳ ಮೈಮೇಲೆ ಕೈಹಾಕಿದ್ದ. ಲಾಂಡ್ರಿಯವನು ಬಂದು ಬಾಗಿಲು ತಟ್ಟಿದ್ದರಿಂದ ಬಿಟ್ಟಿದ್ದ. ಠಾಣೆಯ ನಡುಕೋಣೆಯಲ್ಲಿ, ಬಂದವರೆಲ್ಲ ನಿಂತು ನೋಡುತ್ತಿರುವಾಗ ಅವಳು ಇದನ್ನು ಹೇಳಿದಳು. ಗೋಡೆಯ ಆಚೆಗೆ ಅಂದೇ ಆಪರೇಷನ್ ಆದವರು ಮಲಗಿದ್ದರಂತೆ. ಕೂಗಲು ಬಾಯಿ ಬರಲಿಲ್ಲವಂತೆ. “ಎಣಿಸ್ತಾ ಇದ್ದೆನಲ್ಲ ಸಾರ್, ಎಣಿಸ್ತಾನೇ ಇದ್ದೆ. ನಲವತ್ತೊಂದು, ನಲವತ್ತೆರಡು ಅಂತ. ನಿಲ್ಸಿದ್ರೆ ಪ್ರಾಣ ಹೋಗುತ್ತೆ ಅನ್ನಿಸ್ತು” ಎಂದಳು.

ರೈಟರ್ ತಲೆದೂಗುತ್ತ ಕೇಳಿ ತನ್ನ ಅಚ್ಚಿನಂತೆ ಬರೆದ. ರುಜುವಿಗೆ ಕಾಗದ ತಿರುಗಿಸಿದಾಗ, ಪಕ್ಕದಲ್ಲಿ ಕೂತಿದ್ದ ಅಕ್ಕನವರು ಮೆಲ್ಲಗೆ, “ಸಾರ್, ಅವರು ಕೂಗಲಿಲ್ಲ ಅಂದ್ರಲ್ಲ” ಎಂದರು.

“ಕೂಗದೆ ಇದ್ರೆ ಕೇಸು ನಿಲ್ಲಲ್ಲಮ್ಮ. ನಿನ್ನ ಕೆಲಸ ಜೊತೇಲಿರೋದು, ಇರು” ಎಂದು ರೈಟರ್ ತಗ್ಗಿದ ದನಿಯಲ್ಲಿ ಗದರಿದ. ಬರೆದದ್ದನ್ನು ಅವಳಿಗೆ ಯಾರೂ ಓದಿ ಹೇಳಲಿಲ್ಲ; ಆಯಾ ರುಜು ಹಾಕಿದಳು.

ಹತ್ತು ತಿಂಗಳ ಮೇಲೆ ವಿಚಾರಣೆಯ ದಿನ ಗೊತ್ತಾಯಿತು. ಸರ್ಕಾರಿ ವಕೀಲರು ಆಯಾಳನ್ನು ಕರೆಸಿ, ದೂರಿನಲ್ಲಿ ಇರುವಂತೆ ಕೂಗಿದೆನೆಂದೇ ಹೇಳಬೇಕು ಎಂದರು. ಅವಳು ದಂಗಾದಳು. ಪ್ರಮಾಣ ಮಾಡಿ ಸುಳ್ಳು ಹೇಳಲಾರೆ ಎಂದಳು. ನಿಜ ಹೇಳಿದರೆ ದೂರೇ ಸುಳ್ಳಾಗುತ್ತದೆ. ಕೂಗಿದ್ದು ಕೇಳಿತೇ ಎಂದು ಪೊಲೀಸರು ಕೇಳಿದ್ದಕ್ಕೆ ಲಾಂಡ್ರಿಯವನು ಇಲ್ಲವೆಂದು ಆಗಲೇ ಹೇಳಿಯಾಗಿತ್ತು. ಕೇಸು ಬಿದ್ದುಹೋದರೆ ಮೇಲ್ವಿಚಾರಕ ಅದೇ ಆಸ್ಪತ್ರೆಯಲ್ಲಿ ಅದೇ ಕುರ್ಚಿಗೆ ಮರಳುತ್ತಾನೆ, ಅವಳು ಸುಳ್ಳುಗಾತಿಯೆಂಬ ಹೆಸರು ಹೊತ್ತು ಕೆಲಸ ಬಿಡಬೇಕು. ದೂರು ವಾಪಸು ಪಡೆಯುತ್ತೇನೆಂದು ಅವಳು ಅಕ್ಕನವರ ಮುಂದೆ ಅತ್ತಳು.

ಅಕ್ಕನವರ ಬಳಿ ಒಂದು ಸಣ್ಣ ನೋಟ್‌ಬುಕ್ ಇತ್ತು. ಬರೆಯುವ ಕೆಲಸ ಕೊಡದಿದ್ದರೂ ಅವರು ಜೊತೆಯಲ್ಲಿ ಕೂತಾಗ ಕೇಳಿದ್ದನ್ನೆಲ್ಲ ಅದರಲ್ಲಿ ಗೀಚಿಕೊಳ್ಳುತ್ತಿದ್ದರು. ಅದನ್ನು ನೇರವಾಗಿ ಮೇಲಿನವರಿಗೆ ಕೊಟ್ಟಿದ್ದರೆ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ. ರೈಟರನ ಮೇಜಿನ ಮೇಲಿಟ್ಟು, “ಒಂದ್ಸಲ ಓದಿ ಸಾರ್. ಆ ಸಾಲು ನಂದು ಅಂತ ನೀವು ಕೋರ್ಟಲ್ಲಿ ಹೇಳಿದ್ರೆ ಆಯಮ್ಮ ಉಳ್ಕೊಳ್ತಾರೆ” ಎಂದರು.

ರೈಟರಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷದ ಪೇದೆ ಇಪ್ಪತ್ತೆರಡು ವರ್ಷ ಬರೆದವನಿಗೆ ಪಾಠ ಹೇಳುವುದೇ? ಇನ್ನೂ ಹನ್ನೆರಡು ವರ್ಷದ ಸೇವೆಯಿತ್ತು. ಇಲ್ಲದ್ದನ್ನು ಬರೆದೆನೆಂದು ಒಪ್ಪಿದರೆ ಮನೆಗೆ ಕಳಿಸಿದರೂ ಕಳಿಸಿಯಾರು. ಒಂದು ವಾರ ಅವನು ಅವರತ್ತ ಮುಖ ತಿರುಗಿಸಲಿಲ್ಲ. ಆದರೆ ನೋಟ್‌ಬುಕ್ಕನ್ನು ಮನೆಗೆ ಒಯ್ದಿದ್ದ. ಒಂದು ಭಾನುವಾರ ಬೆಳಗ್ಗೆ, ಅವನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ ಹೆಂಡತಿಗೆ, “ನೋಡು, ಇದೂ ಒಂದು ಅಕ್ಷರವೇ, ಇದೂ ಒಂದು ಬರವಣಿಗೆಯೇ” ಎಂದು ಹಾಸ್ಯ ಮಾಡಲೆಂದೇ ಓದತೊಡಗಿದ. ಓದುತ್ತ ಓದುತ್ತ ಹಾಸ್ಯ ಎಲ್ಲಿಯೋ ನಿಂತುಹೋಯಿತು.

ಆಕೆ ತಲೆಯೆತ್ತದೆ, “ನಾನೂ ಕೂಗಿರಲಿಲ್ಲ” ಎಂದಳು.

ಅವನು ನೋಟ್‌ಬುಕ್ ಮುಚ್ಚಿದ. ಪರವೂರಿನವರ ದೂರುಗಳನ್ನೂ ಬರೆದವನು, ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ಕೇಳಿರಲಿಲ್ಲ. ಆಕೆ ದಾರ ಕಡಿದು, ಅಂಗಿ ಮಡಿಸಿ ಅವನ ಕೈಗೆ ಕೊಟ್ಟು, “ಆ ಹುಡುಗಿ ಹೇಳಿದ ಹಾಗೆ ಮಾಡಿ” ಎಂದಷ್ಟೇ ಹೇಳಿ ಒಳಗೆ ಹೋದಳು.

ಸೋಮವಾರ ರೈಟರ್ ಅಕ್ಕನವರೊಡನೆ ಸರ್ಕಾರಿ ವಕೀಲರ ಕೋಣೆಗೆ ಹೋದ. ವಕೀಲರು ಮೊದಲು ಬೈದರು, ಆಮೇಲೆ ನೋಟ್‌ಬುಕ್ ಓದಿ, ಎಣಿಕೆಯ ಮಾತಿನ ಕೆಳಗೆ ಗೆರೆ ಎಳೆದರು. ವಿಚಾರಣೆಯ ದಿನ ಎದುರಾಳಿ ವಕೀಲ ಆಯಾಳನ್ನು, ಕೂಗಿದಿರಾ ಎಂದು ಕೇಳಿದ. ಅವಳು ಇಲ್ಲವೆಂದಳು. ಕೋರ್ಟಿನಲ್ಲಿ ಕೆಲವರು ನಕ್ಕರು. ಬಳಿಕ ಸಾಕ್ಷಿಕಟ್ಟೆಗೆ ಬಂದ ರೈಟರ್, ಆ ಸಾಲು ಅವಳದಲ್ಲ, ತನ್ನದೆಂದು ಹೇಳಿದ. ಇಂಥ ಸಾಲನ್ನು ಎಷ್ಟು ದೂರುಗಳಲ್ಲಿ ಬರೆದಿದ್ದೀರಿ ಎಂದು ನ್ಯಾಯಾಧೀಶರು ಕೇಳಿದರು.

“ನೆನಪಿಲ್ಲ ಸ್ವಾಮಿ. ಬಂದವರಿಗೆಲ್ಲ ಬರೆದಿದೀನಿ” ಎಂದ.

ಆಗ ಸರ್ಕಾರಿ ವಕೀಲರು ಲಾಂಡ್ರಿಯವನನ್ನು ಕರೆಸಿ, ಈವರೆಗೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು: ಕೂಗು ಬೇಡ, ಬಾಗಿಲು ತಟ್ಟುವ ಮುಂಚೆ ಒಳಗಿನಿಂದ ಏನಾದರೂ ಕೇಳಿಸಿತೇ? ಅವನು ಸಹಜವಾಗಿ ಹೇಳಿದ. “ಆಯಮ್ಮ ಶೀಟು ಎಣಿಸ್ತಿದ್ರು. ನಲವತ್ತೊಂದು ನಲವತ್ತೆರಡು ಅಂತ ಅಷ್ಟನ್ನೇ ಮತ್ತೆ ಮತ್ತೆ ಎಣಿಸ್ತಿದ್ರು. ಇದೇನಪ್ಪ ಎಣಿಕೆ ಮುಂದಕ್ಕೆ ಹೋಗ್ತಿಲ್ಲ ಅಂತ ನಾನೇ ಬಾಗಿಲು ತಟ್ಟಿದ್ದು. ಒಳಗಿಂದ ಚಿಲಕ ಹಾಕಿತ್ತು.”

ಆ ಮಾತಿನ ಮೇಲೆ ಕೇಸು ನಿಂತಿತು. ಮೇಲ್ವಿಚಾರಕನಿಗೆ ಶಿಕ್ಷೆಯಾಯಿತು, ಆಯಾ ಕೆಲಸದಲ್ಲಿ ಉಳಿದಳು. ರೈಟರನ ಬರಹ ಮುಚ್ಚಿಹಾಕಿದ್ದ ಸತ್ಯವೇ ಅವಳನ್ನು ಕಾಯುವ ಸಾಕ್ಷಿಯಾಗಿತ್ತು. ಇನ್ನೆಷ್ಟು ದೂರುಗಳಲ್ಲಿ ಇಂಥ ಎಷ್ಟು ಸತ್ಯಗಳನ್ನು ಅವನು ಒಳ್ಳೆಯ ಅಕ್ಷರದಲ್ಲಿ ಹೂತಿದ್ದನೋ, ಅದನ್ನು ದೇವರೇ ಬಲ್ಲ. ಇಂದಿಗೂ ಪ್ರಾರ್ಥನೆಗೆ ಕೂತಾಗ ಅವನು ಆ ಹೆಂಗಸರ ಕ್ಷಮೆ ಕೇಳುತ್ತಾನೆ, ಹೆಸರುಗಳು ನೆನಪಾಗುವುದಿಲ್ಲ.

ಇಲಾಖೆ ಅವನಿಗೆ ಎಚ್ಚರಿಕೆಯ ಪತ್ರ ಕೊಟ್ಟು, ಬರೆಯುವ ಮೇಜಿನಿಂದ ಎಬ್ಬಿಸಿ, ಎರಡು ವರ್ಷ ಠಾಣೆಯ ಉಗ್ರಾಣದ ಕಾವಲಿಗೆ ಹಾಕಿತು. ಹೆಂಗಸರ ದೂರು ಬರೆಯುವ ಕೆಲಸ ಅಕ್ಕನವರ ಪಾಲಿಗೆ ಬಂತು. ಅವರು ಮೊದಲ ದಿನವೇ ಕಾಗದಗಳನ್ನು ಹಿಡಿದುಕೊಂಡು ಉಗ್ರಾಣಕ್ಕೆ ಬಂದು, ಯಾವ ನಮೂನೆಯನ್ನು ಹೇಗೆ ತುಂಬಬೇಕು ಎಂದು ಅವನನ್ನು ಕೇಳಿದರು. ಅವರಿಗೆ ಅದು ಚೆನ್ನಾಗಿಯೇ ಗೊತ್ತಿತ್ತೆಂದು ಅವನಿಗೆ ತಿಳಿದದ್ದು ಬಹಳ ದಿನಗಳ ಮೇಲೆ. ಎಲ್ಲರೂ ಅವನನ್ನು ದಾಟಿಕೊಂಡು ಹೋಗುತ್ತಿದ್ದ ಆ ಎರಡು ವರ್ಷ ಅವರು ದಿನವೂ ಏನಾದರೊಂದು ಸಂದೇಹ ತರುತ್ತಿದ್ದರು.

ಮುಂದೆ ಅವರು ಸಬ್ ಇನ್ಸ್‌ಪೆಕ್ಟರಾದರು, ಇನ್ಸ್‌ಪೆಕ್ಟರಾದರು. ಮಹಿಳಾ ಠಾಣೆಗೇ ಕಳಿಸುತ್ತೇವೆ, ಸುಖವಾಗಿರಿ ಎಂದ ಮೇಲಧಿಕಾರಿಗೆ ಅವರು ಹೇಳಿದ ಉತ್ತರವನ್ನು ಇಲಾಖೆಯಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ: “ಹೋಗ್ತೀನಿ ಸಾರ್. ಗಂಡಸರ ಠಾಣೆ ಅಂತ ಯಾವುದಕ್ಕೆ ಬೋರ್ಡ್ ಹಾಕ್ತೀರಿ, ಅದನ್ನೂ ಹೇಳ್ಬಿಡಿ.” ಅವರ ಕೈಕೆಳಗೆ ಹೆಣ್ಣು ಪೇದೆಗಳು ಕೊಲೆಯ ತನಿಖೆಗೂ ಹೋದರು, ಗಂಡು ಪೇದೆಗಳು ಹೆಂಗಸರ ದೂರನ್ನು ತಾಳ್ಮೆಯಿಂದ ಬರೆಯಲೂ ಕಲಿತರು. ಹೆಂಡತಿಯ ಬಾಣಂತನಕ್ಕೆ ರಜೆ ಕೇಳಿದ ಪೇದೆಯೊಬ್ಬನನ್ನು ಜೊತೆಯವರು ಗೇಲಿ ಮಾಡಿದಾಗ, ಅವನಿಗೆ ರಜೆಯನ್ನೂ, ಗೇಲಿ ಮಾಡಿದವರಿಗೆ ಅವನ ಪಾಳಿಯನ್ನೂ ಹಂಚಿಕೊಟ್ಟರು.

ತರಬೇತಿ ಶಾಲೆಯಲ್ಲಿ ಅವರ ಪಾಠ ಸರಳವಾಗಿತ್ತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬ ತನಗಾದ ಒಂದು ಅವಮಾನವನ್ನು ಹೇಳಬೇಕು, ಇನ್ನೊಬ್ಬ ಬರೆಯಬೇಕು ಎನ್ನುತ್ತಿದ್ದರು. ಬರೆದದ್ದನ್ನು ಓದಿದಾಗ ಹೇಳಿದವನು, ಇದು ನನ್ನ ಮಾತಲ್ಲ ಎಂದರೆ ಕಾಗದ ಹರಿದು ಮತ್ತೆ ಮೊದಲಿನಿಂದ. ಹುರಿಮೀಸೆಯ ಆಳೊಬ್ಬ ಐದು ಸಲ ಹರಿಸಿಕೊಂಡು, ಆರನೆಯ ಸಲ ಬರೆದದ್ದನ್ನು ಓದಲಾರದೆ ಎದ್ದು ಹೊರಗೆ ಹೋದನಂತೆ.

ಎಲ್ಲವೂ ಸರಿಹೋಯಿತೆಂದು ಬರೆದರೆ ಅಕ್ಕನವರೇ ಮೊದಲು ಗೆರೆ ಎಳೆದು ಹೊಡೆದುಹಾಕುತ್ತಾರೆ. ಅವರು ಬರೆದ ದೂರುಗಳಲ್ಲೂ ಕೋರ್ಟಿನಲ್ಲಿ ಬಿದ್ದವು ಇವೆ. ಅವರಿಗಿಂತ ಕಿರಿಯ ಗಂಡಸರು ಎರಡು ಸಲ ಅವರನ್ನು ದಾಟಿ ಬಡ್ತಿ ಪಡೆದರು. ಆದರೂ ಅಂದು ಒಬ್ಬರೇ ಇದ್ದ ಆ ಠಾಣೆಯಲ್ಲಿ ಇಂದು ಹನ್ನೊಂದು ಮಂದಿ ಹೆಣ್ಣುಮಕ್ಕಳಿದ್ದಾರೆ, ಮೂವರು ತನಿಖಾಧಿಕಾರಿಗಳು.

ರೈಟರನ ಹೆಂಡತಿ ಹಾಸಿಗೆ ಹಿಡಿದ ವರ್ಷ ಅಕ್ಕನವರು ರಜೆಯ ದಿನಗಳಲ್ಲೆಲ್ಲ ಬಂದು ಆಕೆಯ ತಲೆ ಬಾಚಿ, ಜಡೆ ಹಾಕಿ, ಬಾಗಿಲು ಮುಚ್ಚಿಕೊಂಡು ಮಾತಾಡುತ್ತಿದ್ದರು. ಆಕೆ ಹೋದಮೇಲೆ ಅವನು ಒಮ್ಮೆ ಹಿಂಜರಿಯುತ್ತ, ಅವಳು ಏನೇನು ಹೇಳುತ್ತಿದ್ದಳೆಂದು ಕೇಳಿದ. “ನಿಮ್ಮ ಮೇಲೆ ದೂರಂತೂ ಇರಲಿಲ್ಲ ಸಾರ್. ಉಳಿದದ್ದು ಅವರದು” ಎಂದರು. ಅಷ್ಟು ಮಾತಿನಲ್ಲಿ ಅವನಿಗೆ ಸಿಕ್ಕ ಸಮಾಧಾನ ಬೇರೆ ಯಾರ ಸಾಂತ್ವನದಲ್ಲೂ ಸಿಕ್ಕಿರಲಿಲ್ಲ.

ನಿವೃತ್ತಿಯ ಮರುವಾರವೇ ಅವರು ಕೋರ್ಟಿನ ಎದುರು ಒಂದು ಕೋಣೆ ತೆರೆಯುತ್ತಿದ್ದಾರೆ. ಸಾಕ್ಷಿ ಹೇಳಲು ಬರುವ ಹೆಂಗಸರು ಹೊರಗೆ ಜಗಲಿಯಲ್ಲಿ ಆರೋಪಿಯ ಕಣ್ಣೆದುರು ಕಾಯದೆ ಅಲ್ಲಿ ಕೂರಬಹುದು. ಓದು ಬಾರದವರಿಗೆ ಅವರ ದೂರನ್ನು ಓದಿ ಹೇಳುವವರೂ ಇರುತ್ತಾರೆ. ಮೊನ್ನೆ ಮನೆಗೆ ಬಂದು, “ಮನೇಲಿ ಕೂತು ಗೋಡೆ ನೋಡಿದ್ದು ಸಾಕು ಸಾರ್. ಮಂಗಳವಾರ ಹತ್ತಕ್ಕೆ ಬನ್ನಿ. ಓದೋದಕ್ಕೆ ಮಾತ್ರ, ಬರೆಯೋದು ಬೇಡ” ಎಂದರು. ರೈಟರ್ ನಕ್ಕ. ಆ ಮನೆಯಲ್ಲಿ ನಗು ಕೇಳಿ ಬಹಳ ದಿನಗಳಾಗಿದ್ದವು.

ಅಕ್ಕನವರಿಗೆ ವಿಶ್ರಾಂತಿ ಕೊಡು ಎಂದು ಈ ಮುದುಕ ದೇವರನ್ನು ಬೇಡುವುದಿಲ್ಲ, ಕೊಟ್ಟರೂ ತೆಗೆದುಕೊಳ್ಳುವವರಲ್ಲ. ಕಾಲಿಗೆ ಕಸುವು, ಕಣ್ಣಿಗೆ ಬೆಳಕು, ಎದುರು ಕೂತವರು ಮಾತು ಮುಗಿಸುವವರೆಗೆ ಕಾಯುವ ಆ ತಾಳ್ಮೆ, ಇವು ನೂರು ವರ್ಷ ಅವರಲ್ಲಿ ಬತ್ತದಿರಲಿ. ಆ ಕೋಣೆಗೆ ಬಂದು ಕೂತವರು ಕೋರ್ಟಿನೊಳಗೆ ಹೋಗಿ ತಮ್ಮ ಮಾತನ್ನು ತಾವೇ ಹೇಳಿ, ತಲೆಯೆತ್ತಿ ಹೊರಗೆ ಬರಲಿ. ಅವರಿಗೆ ಓದಿ ಹೇಳಲು, ಕಣ್ಣು ಕಾಣುವಷ್ಟು ದಿನ, ಮಂಗಳವಾರಗಳಂದು ಒಬ್ಬ ಮುದುಕ ಹತ್ತಕ್ಕೆ ಮುಂಚೆಯೇ ಅಲ್ಲಿ ಕಾದಿರುತ್ತಾನೆ.