ಪೆಂಡಾಲಿನ ಕೆಳಗೆ ಒಂದು ಎಂ.ಬಿ.ಎ.

ಬೀರುವಿನ ಮೇಲಿನ ಅರೆಯನ್ನು ಚೊಕ್ಕಟ ಮಾಡುತ್ತಿದ್ದೆ. ನುಸಿಗುಳಿಗೆಯ ವಾಸನೆಯನ್ನು ಹೊತ್ತುಕೊಂಡು ಒಂದು ಶಾಲು ತಲೆಯ ಮೇಲೆ ಬಿತ್ತು. ಸನ್ಮಾನದ ಶಾಲು ಎಂಬ ವಸ್ತುವನ್ನು ನೀವೂ ಬಲ್ಲಿರಿ. ಹೊದೆದರೆ ಚಳಿ ತಡೆಯುವುದಿಲ್ಲ, ಜರಿ ಮಾತ್ರ ಕುತ್ತಿಗೆಗೆ ಚುಚ್ಚುತ್ತದೆ. ಬೇರೆಯವರಿಗೆ ದಾಟಿಸೋಣವೆಂದರೆ, ನಮಗೆ ಹೊದಿಸಿದವರೇ ಅವರಾಗಿದ್ದರೆ ಎಂಬ ಭಯ. ನನಗೆ ಈ ಜನ್ಮದಲ್ಲಿ ಸಿಕ್ಕಿರುವುದು ಇದೊಂದೇ. ಅದೂ ಯಾವ ಸಾಧನೆಗೂ ಅಲ್ಲ, ಓದುತ್ತಿದ್ದಾಗ, ತಪ್ಪಿ ಸಿಕ್ಕಿದ್ದು.

ಓದುತ್ತಿದ್ದಾಗ ಎಂದರೆ ಎಳೆಯ ವಯಸ್ಸೆಂದುಕೊಳ್ಳಬೇಡಿ. ನಲವತ್ತು ದಾಟಿ, ಅಕ್ಷರ ಓದಲು ಕನ್ನಡಕವನ್ನು ಮೂಗಿನ ತುದಿಗೆ ಇಳಿಸುವ ಕಾಲ. ಜೆ.ಪಿ. ನಗರದ ನಮ್ಮ ಕಂಪನಿಯಲ್ಲಿ ನಾನು ಆಡಳಿತ ವಿಭಾಗದವಳು. ಕುರ್ಚಿ, ಕಾಫಿ ಯಂತ್ರ, ಕ್ಯಾಬು, ಕೆಟ್ಟ ಟ್ಯೂಬ್‌ಲೈಟು, ಇವೆಲ್ಲ ನನ್ನ ಸಾಮ್ರಾಜ್ಯ. ಈ ಸಾಮ್ರಾಜ್ಯವನ್ನು ಗುತ್ತಿಗೆಗೆ ಕೊಡುತ್ತಾರೆಂಬ ಸುದ್ದಿ ಹಬ್ಬಿತು. ಅದೇ ಹೊತ್ತಿಗೆ ಲಾಭದಲ್ಲೊಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಲು ಸಿ.ಎಸ್.ಆರ್. ವಿಭಾಗ ತೆರೆಯುವ ಮಾತೂ ಬಂತು. ಅದನ್ನೇ ಓದಿದವರು ನಮ್ಮಲ್ಲೇ ಇದ್ದರೆ ಇನ್ನೆರಡು ವರ್ಷಕ್ಕೆ, ಏಪ್ರಿಲ್‌ನಲ್ಲಿ, ಅವರಿಗೇ ಆ ಹುದ್ದೆ ಎಂದರು ನಮ್ಮ ಮ್ಯಾನೇಜರು. ಕೆಲಸ ಹೋಗುವ ಕನಸನ್ನು ಕೆಲಸಕ್ಕೆ ಸೇರಿದ ದಿನದಿಂದಲೇ ಕಾಣುತ್ತಿದ್ದ ನಾನು, ಜಯನಗರದ ಕಾಲೇಜೊಂದರಲ್ಲಿ ಶನಿವಾರ ಭಾನುವಾರದ ಎಂ.ಬಿ.ಎ.ಗೆ ಸೇರಿಬಿಟ್ಟೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನನ್ನ ವಿಶೇಷ ವಿಷಯ. ಮೊದಲ ದಿನ ಗೇಟಿನಲ್ಲಿದ್ದ ವಾಚ್‌ಮನ್, ಪೇರೆಂಟ್ಸ್ ಎಲ್ಲ ಆ ಕಡೆ ಕೂತ್ಕೋಬೇಕು ಆಂಟಿ ಎಂದ. ನಾನು ಹೋಗಿ ಸ್ವಲ್ಪ ಹೊತ್ತು ಕೂತೂ ಬಂದೆ.

ತರಗತಿಯಲ್ಲಿ ನನ್ನ ವಯಸ್ಸಿನವರು ಇನ್ನೊಬ್ಬರೇ, ಕೋಣನಕುಂಟೆಯ ಮುನಿರಾಜು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿದೆ. ತಿಂಗಳಾದರೆ ಬಾಡಿಗೆ ತಾನಾಗಿ ಬರುತ್ತದೆ. ನಿಮಗ್ಯಾಕೆ ಈ ಓದು ಎಂದು ಕೇಳಿದ್ದೆ. "ಮನೇಲಿ ಕೂತ್ರೆ ಬೀಪಿ ಮೇಡಂ. ಇಲ್ಲಿ ಆದ್ರೆ ಎ.ಸಿ. ಇದೆ" ಎಂದಿದ್ದರು. ಪ್ರತಿ ಭಾನುವಾರ ಡಬ್ಬಿಯಲ್ಲಿ ಕೋಡುಬಳೆ ತರುತ್ತಿದ್ದರು. ಲೆಕ್ಚರರು ಬೋರ್ಡಿನ ಕಡೆ ತಿರುಗಿದಾಗ ಅದನ್ನು ಶಬ್ದವಾಗದಂತೆ ಬಾಯಲ್ಲಿ ನೆನೆಸಿಕೊಂಡು ತಿನ್ನುವುದನ್ನು ನಾನು ಆ ಕೋರ್ಸಿನಲ್ಲೇ ಕಲಿತೆ.

ಕೊನೆಯ ಪ್ರಾಜೆಕ್ಟಿಗೆ ನಮ್ಮಿಬ್ಬರನ್ನು ಜೋಡಿ ಮಾಡಿದರು. ಅಂಕವೂ ಇಬ್ಬರಿಗೂ ಒಂದೇ. ಸರ್ಕಾರಿ ಶಾಲೆಯೊಂದಕ್ಕೆ ಹೋಗಿ, ಕಂಪನಿಗಳಿಂದ ನಿಮಗೆ ನಿಜಕ್ಕೂ ಬೇಕಾದದ್ದೇನು ಎಂದು ಕೇಳಿ ವರದಿ ಬರೆಯಬೇಕು. ನಾನು ವಾರವೆಲ್ಲ ಕೂತು ಪ್ರಶ್ನೆಗಳನ್ನು ತಿದ್ದಿದೆ. ಮುನಿರಾಜು ಮಾತ್ರ, ನಮ್ಮ ಏರಿಯಾದ ಸ್ಕೂಲೇ ಇದೆಯಲ್ಲ, ನಾನೊಂದು ಮಾತು ಹೇಳಿರ್ತೀನಿ, ನೀವು ಬಂದ್ರೆ ಸಾಕು ಎಂದರು.

ಅವರು ಹೇಳಿದ ಒಂದು ಮಾತಿನ ಫಲ, ನಾನು ಆಟೋ ಇಳಿಯುವಾಗ ಶಾಲೆಯ ಅಂಗಳದಲ್ಲಿ ಪೆಂಡಾಲ್ ಎದ್ದಿತ್ತು. ಮೈಕು, ಹಣ್ಣಿನ ಬುಟ್ಟಿ, ಸಾಲಾಗಿ ಕೂತ ಟೀಚರುಗಳು ಮತ್ತು ತಾಯಂದಿರು. ನಾನು ಪ್ರಶ್ನೆಪಟ್ಟಿ ತೆಗೆಯುವ ಮೊದಲೇ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಫೋಟೋ ಹಿಡಿದರು. ಪೇಟ ಕಿವಿಯವರೆಗೆ ಇಳಿಯುತ್ತಿದ್ದುದರಿಂದ ಒಂದು ಕೈಯಲ್ಲಿ ಅದನ್ನೆತ್ತಿ ಹಿಡಿದು ಪ್ರಶ್ನೆ ಕೇಳಿದೆ. ಎಲ್ಲರದೂ ಒಂದೇ ಉತ್ತರ: ಎಲ್ಲಾ ಚೆನ್ನಾಗಿದೆ ಮೇಡಂ. ಯಾವುದೋ ಕಂಪನಿ ಕೊಟ್ಟ ಕಂಪ್ಯೂಟರುಗಳ ಕೋಣೆಯನ್ನೂ ತೋರಿಸಿದರು. ಎಲ್ಲವೂ ಪ್ಲಾಸ್ಟಿಕ್ ಹೊದಿಕೆಯೊಳಗೆ ಫಳಫಳ ಹೊಳೆಯುತ್ತಿದ್ದವು. ಕೇಸರಿಬಾತ್ ತಿಂದು ಬಂದೆವು.

ವೈವಾ ದಿನ ಕಾಲೇಜಿಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಎಲ್ಲರಿಗೂ ತೃಪ್ತಿಯಿದೆ ಎಂಬುದನ್ನೇ ಬಣ್ಣದ ವೃತ್ತ ಮಾಡಿ ಪರದೆಯ ಮೇಲೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಯಾರಿಗೂ ಏನೂ ಬೇಡ ಅಂದ್ರೆ ಕಂಪನಿ ಅಲ್ಲಿಗೆ ಯಾಕಮ್ಮ ಹೋಗ್ಬೇಕು ಎಂದರು. ನಾನು ಮುಂದಿನ ಸ್ಲೈಡಿನ ಹಿಂದೆ ಅಡಗುವ ಯೋಚನೆಯಲ್ಲಿದ್ದಾಗ ಮುನಿರಾಜು ಎದ್ದು ನಿಂತರು.

"ತಪ್ಪು ನಂದು ಸಾರ್. ನಾನು ಪೆಂಡಾಲ್ ಹಾಕಿಸ್ಬಿಟ್ಟೆ. ಶಾಲು ಹೊದ್ಸಿ ಕೂರ್ಸಿರೋರ ಮುಂದೆ ಯಾರು ಸಾರ್ ಕಷ್ಟ ಹೇಳ್ಕೋತಾರೆ? ಮನೆಗೆ ನೆಂಟರು ಬಂದಾಗ ನಮ್ಮನೆ ಸೋರುತ್ತೆ ಅಂತೀವಾ?"

ಮೇಜಿನ ಕೆಳಗೆ ನಾನು ಅವರ ಕಾಲು ತುಳಿದದ್ದು ತಡವಾಗಿತ್ತು.

"ಹಾಗಾದ್ರೆ ಪೆಂಡಾಲ್ ಬಿಚ್ಚಿ ಇನ್ನೊಂದ್ಸಲ ಹೋಗ್ಬನ್ನಿ" ಎಂದರು ಪರೀಕ್ಷಕರು. "ಮುಂದಿನ ಸೆಮಿಸ್ಟರ್‌ನಲ್ಲಿ ನೋಡೋಣ."

ಮುಂದಿನ ಸೆಮಿಸ್ಟರ್ ಎಂದರೆ ಏಪ್ರಿಲ್ ಕಳೆದ ಮೇಲೆ, ಕಂಪನಿಯ ಆ ಹುದ್ದೆ ಕೈತಪ್ಪಿದ ಮೇಲೆ. ಮೆಟ್ಟಿಲಿಳಿದು ಹೊರಟೆ. ಗೇಟಿನ ಹತ್ತಿರ ಮುನಿರಾಜು ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತರು. "ನಿಮ್ ಕೆಲಸದ ವಿಷ್ಯ ಮರ್ತೇ ಹೋಗಿತ್ತು ಮೇಡಂ" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಸ್ಸಿನಲ್ಲಿ ಬನಶಂಕರಿ ಬರುವವರೆಗೂ ಪ್ರಯತ್ನಪಟ್ಟೆ. ಅವರು ಹೇಳಿದ್ದು ನಿಜವಾಗಿತ್ತು, ಅದೇ ತೊಂದರೆ.

ಎರಡನೆಯ ಸಲ ಶಾಲೆ ಬಿಟ್ಟ ಮೇಲೆ ಹೋದೆವು. ತಾವು ಒಳಗೆ ಬಂದರೆ ಮತ್ತೆ ಕಾಫಿ, ಕುರ್ಚಿ ಶುರುವಾಗುತ್ತದೆಂದು ಮುನಿರಾಜು ರಸ್ತೆಯಾಚೆ ಸ್ಕೂಟರಿನ ಮೇಲೇ ಕೂತರು. ಹೆಡ್‌ಮಿಸ್ಸು ಕಂಪ್ಯೂಟರು ಕೋಣೆಗೆ ಬೀಗ ಹಾಕುತ್ತಿದ್ದರು. ಮಕ್ಕಳು ಯಾವಾಗ ಕಲಿಯುತ್ತಾರೆ ಎಂದೆ. ಅವರು ಬೀಗವನ್ನು ಎರಡು ಸಲ ಎಳೆದು ನೋಡಿದರು.

"ಆಯುಧಪೂಜೆಗೆ ತೆಗೀತೀವಿ ಮೇಡಂ, ಕುಂಕುಮ ಇಟ್ಟು ಮುಚ್ತೀವಿ. ಕಂಪನಿಯೋರು ಫೋಟೋಗೆ ಬಂದಾಗ ಹೊಸದಾಗೇ ಇರ್ಬೇಕಲ್ಲ. ಕೆಟ್ರೆ ಸೈನ್ ಹಾಕಿರೋಳು ನಾನು. ನಮಗೆ ಬೇರೇನೂ ಬೇಡ, ಕೆಟ್ರೂ ಪರವಾಗಿಲ್ಲ ಅಂತ ಯಾರಾದ್ರೂ ಒಂದ್ಮಾತು ಹೇಳಿದ್ರೆ ಸಾಕು."

ಅದನ್ನೇ ಬರೆದೆವು. ಪಾಸಾದೆವು. ಅಷ್ಟರಲ್ಲಿ ಸಿ.ಎಸ್.ಆರ್. ಹುದ್ದೆಗೆ ದೆಹಲಿಯಿಂದ ಒಬ್ಬರು ಬಂದು ಕೂತಿದ್ದರು. ಗುತ್ತಿಗೆಯ ಸುದ್ದಿ ಎದ್ದಹಾಗೇ ಆರಿಹೋಯಿತು. ನಾನು ನನ್ನ ಟ್ಯೂಬ್‌ಲೈಟುಗಳ ಕೆಳಗೇ ಉಳಿದೆ. ಆ ಸಾಹೇಬರು ಶಾಲೆಗಳಿಗೆ ಏನಾದರೂ ಕೊಡುವ ಸಮಾರಂಭವಿದ್ದರೆ ಪೆಂಡಾಲ್ ಹಾಕಿಸುವ ಕೆಲಸ ಯಾವ ವಿಭಾಗದ್ದೆಂದು ನೀವು ಊಹಿಸಿರಬೇಕು. ಕೋಣನಕುಂಟೆಗೆ ಫೋನು ಮಾಡಿ ಹೇಳಿದಾಗ ಮುನಿರಾಜು ಕೆಮ್ಮು ಬರುವಷ್ಟು ನಕ್ಕಿದ್ದರು.

ಈಗ ಪ್ರತಿ ಸಮಾರಂಭಕ್ಕೆ ಮೊದಲು, ಅಂಗಳ ಅಳೆಯಬೇಕೆಂಬ ನೆಪ ಹೇಳಿ ಟೇಪು ಹಿಡಿದು ಒಬ್ಬಳೇ ಹೋಗುತ್ತೇನೆ. ಟೇಪಿನ ಇನ್ನೊಂದು ತುದಿಯನ್ನು ಹೆಡ್‌ಮಿಸ್ಸಿನ ಕೈಗೆ ಕೊಡುತ್ತೇನೆ. ಟೇಪು ಹಿಡಿದು ನಿಂತವರು ಶಾಲು ಹಿಡಿದು ನಿಂತವರಂತಲ್ಲ, ಮಾತಾಡುತ್ತಾರೆ. ಕಳೆದ ತಿಂಗಳು ಸುಬ್ರಹ್ಮಣ್ಯಪುರದ ಶಾಲೆಯಲ್ಲಿ, ನಾಳೆ ಬರುವ ಪ್ರೊಜೆಕ್ಟರನ್ನು ದಿನಾ ಹಾಕಿ, ಕೆಟ್ಟರೆ ಪರವಾಗಿಲ್ಲ ಎಂದೆ. ಹೆಡ್‌ಮಿಸ್ಸು ನನ್ನನ್ನೇ ನೋಡಿ, ಕಂಪನಿ ಪರವಾಗಿ ಹೇಳ್ತಿದೀರಾ ಎಂದರು. ಅಂಥ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ಹೌದು ಎಂದೆ. ಆಮೇಲೆ ಒಂದು ವಾರ ಸಾಹೇಬರ ಬಾಗಿಲ ಮುಂದೆ ಹಾಯದೆ ಸುತ್ತುಹಾಕಿ ಓಡಾಡಿದೆ.

ಶಾಲನ್ನು ಮಡಿಸುತ್ತ ಇಷ್ಟನ್ನೆಲ್ಲ ನೆನೆಯುತ್ತಿದ್ದಾಗಲೇ ಫೋನು ಬಂತು.

"ಮೇಡಂ, ಪ್ರೊಜೆಕ್ಟರ್ ಕೆಟ್ಟೋಯ್ತು" ಎಂದರು ಸುಬ್ರಹ್ಮಣ್ಯಪುರದ ಹೆಡ್‌ಮಿಸ್ಸು. ದನಿಯಲ್ಲಿ ಹೆದರಿಕೆಯಿರಲಿಲ್ಲ. "ಮಕ್ಳು ಒಂದಿನಾನೂ ಬಿಟ್ಟಿಲ್ಲ. ಯಾವಾಗ ರಿಪೇರಿ ಮಾಡಿಸ್ಕೊಡ್ತೀರಾ?"

ಸೋಮವಾರ ಸಾಹೇಬರ ಬಾಗಿಲು ತಟ್ಟಬೇಕು. ಏನೆಂದು ಹೇಳುವುದೋ ಗೊತ್ತಿಲ್ಲ. ಆದರೂ ಅರ್ಧ ಚೊಕ್ಕಟವಾದ ಬೀರುವಿನ ಮುಂದೆ ನಿಂತು, ಒಬ್ಬಳೇ ನಗುತ್ತಿದ್ದೇನೆ.